ಮೂರನೆಯ ಗಾಲಿಯ ಜಾಡು

ತಗಡನ್ನು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಾರಿನ ಬಾಗಿಲೋ ಮಡ್‌ಗಾರ್ಡೋ ನೆಗ್ಗಿ ಬಂದರೆ ಹೆಗಲ ಮೇಲಿನ ತೆಳು ಬಟ್ಟೆಯನ್ನು ಅದರ ಮೇಲೆ ಹಾಸಿ, ಬಟ್ಟೆಯ ಮೇಲೆ ಬಲ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಎಳೆಯುತ್ತಿದ್ದರು. ಬರಿಗೈಗೆ ಸಿಗದ ತಗ್ಗು ಬಟ್ಟೆಯ ಮೇಲಿನಿಂದ ಸಿಗುತ್ತದಂತೆ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. ಕಣ್ಣು ತೆರೆಯದೆಯೇ ಎಡಗೈಯಿಂದ ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. "ಕಣ್ಣು ಬಣ್ಣಾ ನೋಡತಾವ್ರಿ. ಕೈ ಪತ್ರಾ ನೋಡತೈತಿ."

ನಮ್ಮ ಕಡೆ ತಗಡಿಗೆ ಪತ್ರಾ ಅನ್ನುತ್ತೇವೆ. ಗೋಕಾಕದಲ್ಲಿ ಕೋರ್ಟಿನ ಹಿಂದಿನಿಂದ ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ಗ್ಯಾರೇಜು ಇತ್ತು. ಅವರನ್ನು ನಾವು ಪತ್ರಾದಾಂವ ಎಂದು ಕರೆಯುತ್ತಿದ್ದೆವು. ಹೆಸರು ಹಿಡಿದು ಯಾರಾದರೂ ಕರೆದದ್ದು ನನಗೆ ನೆನಪಿಲ್ಲ. ಆದ್ದರಿಂದ ಇಲ್ಲಿಯೂ ಆ ಹೆಸರನ್ನು ಬರೆಯುತ್ತಿಲ್ಲ. ಈಗ ಬರೆದು ದೊಡ್ಡವನಾಗುವ ಹಕ್ಕು ನನಗಿಲ್ಲ. ನಮ್ಮ ನಾಲ್ವರ ಕೂಟದಲ್ಲಿ ಇಬ್ಬರಿಗಿಂತ ಅವರು ವಯಸ್ಸಿನಲ್ಲಿ ಹಿರಿಯರು. ಆದರೂ "ಏ ಪತ್ರಾದಾಂವ, ಬಾ ಇಲ್ಲಿ" ಎನ್ನುವುದು ನಮ್ಮ ರೂಢಿ. ಅವರು ಎಲ್ಲರಿಗೂ "ರಿ" ಹಚ್ಚಿಯೇ ಮಾತಾಡುತ್ತಿದ್ದರು.

ಮಮದಾಪುರದ ಕುರಿಗಾರರ ಮನೆತನ. ಅಣ್ಣತಮ್ಮಂದಿರು ಈಗಲೂ ಕುರಿ ಸಾಕುತ್ತಾರೆ. ಇವರೊಬ್ಬರು ಮಾತ್ರ ತಗಡಿಗೆ ಬಂದರು. ಮನೆಯಿಂದ ತಂದದ್ದು ಎರಡೇ: ಒಂದು ಕರಿ ಕಂಬಳಿ, ಒಂದು ಕುರಿಯ ಚರ್ಮ. ಚರ್ಮವನ್ನು ಚೀಲವಾಗಿ ಹೊಲಿದು ಅದರಲ್ಲಿ ಘಟಪ್ರಭೆಯ ಸಣ್ಣ ಉಸುಕು ತುಂಬಿದ್ದರು. ನೆಗ್ಗಿದ ತಗಡನ್ನು ಆ ಚೀಲದ ಮೇಲಿಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಬಡಿಯುತ್ತಿದ್ದರು. ಉಸುಕು ಒಳಗೇ ಸರಿದು ಜಾಗ ಕೊಡುತ್ತಿತ್ತು, ತಗಡು ಗಾಯವಿಲ್ಲದೆ ದುಂಡಾಗುತ್ತಿತ್ತು.

ಅವರದೂ ಒಂದು ಕ್ರೌರ್ಯವಿತ್ತು. ಒಮ್ಮೆ ಊರಿನ ಡಾಕ್ಟರೊಬ್ಬರು ಬೇರೆ ಊರಿನಲ್ಲಿ ರಿಪೇರಿ ಮಾಡಿಸಿದ ಕಾರನ್ನು ಬೀಗರಿಗೆ ತೋರಿಸುತ್ತ ಗ್ಯಾರೇಜಿನ ಮುಂದೆ ನಿಲ್ಲಿಸಿದ್ದರು. ಇವರು ಬಂದು ಬಾಗಿಲಿನ ಮೇಲೆ ಅಂಗೈ ಎಳೆದರು. ಆಮೇಲೆ ಉಗುರಿನಿಂದ ಒಂದು ಕಡೆ ಟಕ್ ಟಕ್ ಎಂದು ಹೊಡೆದರು. ಮೂರನೆಯ ಹೊಡೆತಕ್ಕೆ ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿ ರೊಟ್ಟಿಯಷ್ಟಗಲ ಬಣ್ಣದ ಸಮೇತ ಕಳಚಿ ಬಿತ್ತು. "ಮಣ್ಣು ಮೆತ್ತಿ ಕಳಿಸ್ಯಾರ್ರಿ" ಎಂದರು. ಬೀಗರ ಮುಂದೆ ಡಾಕ್ಟರ ಮಾರಿ ಏನಾಗಿರಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ. ತಗಡಿನ ವಿಷಯದಲ್ಲಿ ಯಾರು ಏನು ಹೇಳಿದರೂ ಖರೆಯನ್ನೇ ಹೇಳುತ್ತಾರೆ, ಕೇಳಿದವನು ಸರಿಪಡಿಸಿಕೊಳ್ಳಬೇಕು, ಇಷ್ಟೇ ಅವರು ತಿಳಿದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು.

ಗ್ಯಾರೇಜಿನ ಒಳಗೋಡೆಗೆ ಕರಿ ಬಣ್ಣ ಬಳಿದಿದ್ದರು. ಗಿರಾಕಿ ಹೇಳಿದ್ದನ್ನೆಲ್ಲ ಅದರ ಮೇಲೆ ಸೀಮೆಸುಣ್ಣದಿಂದ ಬರೆಯುವುದು. ಬಾಜೂಕ್ಕೆ ಹೇಳಿದವರು ಯಾರೆಂದು ಬರೆಯುವುದು. ಕೆಲಸವಾದರೆ ಅದರ ಮೇಲೆ ಗೆರೆ ಎಳೆಯುವುದು. ಗಾಡಿ ಕೆಲಸ ಪೂರ್ತಿಯಾಗಿ ಹೊರಬಿದ್ದ ಮೇಲಷ್ಟೇ ಒರೆಸುವುದು. ಗೋಡೆಯ ಮೇಲೆ ಬಿದ್ದ ಮಾತು ಆಗಲೇಬೇಕಾದ ಕೆಲಸ.

ನಮ್ಮದೊಂದು ರವಿವಾರದ ಕೂಟ. ಗೋಕಾಕದ ವಕೀಲರೊಬ್ಬರ ಹಳೆಯ ಜೀಪು, ಹುಕ್ಕೇರಿಯ ಔಷಧ ಅಂಗಡಿಯವರ ಹಳೆಯ ಮೋಟರ್ ಸೈಕಲ್ಲು, ಮೂಡಲಗಿಯ ಬೆಲ್ಲದ ವ್ಯಾಪಾರಿಯೊಬ್ಬರ ಅಜ್ಜನ ಕಾಲದ ಕಾರು, ನನ್ನದೊಂದು ಸ್ಕೂಟರು. ನಾನು ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಹೊಲಗಳ ಗಡಿ ಅಳೆದು ನಿವೃತ್ತನಾದವನು; ನನಗೆ ಎಲ್ಲರೂ ಮೋಜಣಿ ಸಾಹೇಬ್ರು ಅನ್ನುತ್ತಿದ್ದರು. ಗೋಕಾಕ ಫಾಲ್ಸಿಗೆ ಹೋಗುವ ರಸ್ತೆಯ ಒಂದು ಚಹಾದಂಗಡಿಯ ಮುಂದೆ ಗಾಡಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದೆವು. ವಕೀಲರ ನಿಯಮದಂತೆ ಅಸಲಿ ಗಾಡಿ ಮಾತ್ರ ಸಾಲಿನಲ್ಲಿ. ಉಳಿದದ್ದು ರಸ್ತೆಯ ಆಚೆ. ಆ ಸಾಲಿನಲ್ಲಿ ಪತ್ರಾದವರ ಕೈ ತಾಗದ ಗಾಡಿ ಒಂದೂ ಇರಲಿಲ್ಲ. ಅವರೂ ಬರುತ್ತಿದ್ದರು. ನಾವು ಕುರ್ಚಿಗಳಲ್ಲಿ, ಅವರು ನಿಂತೇ ಚಹಾ ಕುಡಿಯುತ್ತಿದ್ದರು.

ಒಂದು ರವಿವಾರ ಔಷಧ ಅಂಗಡಿಯವರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಯಾವುದೋ ದೇಶದಲ್ಲಿ ಈಗ ಹೊಸದಾಗಿ ತಯಾರಾಗುವ ಮೂರು ಗಾಲಿಯ ಕಾರು, ಆದರೆ ಕಾಣುವುದು ನೂರು ವರ್ಷ ಹಳೆಯದರಂತೆ. ಉದ್ದ ಮೂತಿ, ಮುಂದೆ ಎರಡು ಗಾಲಿ, ಹಿಂದೆ ನಡುವೆ ಒಂದು. ಎಂಜಿನ್ನು ಮೂತಿಯ ತುದಿಯಲ್ಲಿ ಹೊರಗೇ. ಬಾಗಿಲಿಲ್ಲ, ಮೇಲೆ ಛತ್ತು ಇಲ್ಲ, ಮೂತಿಯ ಮುಚ್ಚಳ ಬಿಗಿಯಲು ಚರ್ಮದ ಪಟ್ಟಿ.

"ಹೊಸಾ ಮಾಲಿಗೆ ಹಳೇ ಅಂಗಿ ತೊಡಿಸ್ಯಾರ" ಎಂದರು ವಕೀಲರು. "ಹುಸಿ. ನಮ್ಮ ಗಾಡಿ ಮುಪ್ಪಾಗ್ಯಾವ. ಇದು ಮುಪ್ಪಿನ ಸೋಗು ಹಾಕೇತಿ."

"ನಿಮ್ಮ ಜೀಪಿನ್ಯಾಗ ಕುಂತ್ರ ನಡಾ ಮುರೀತೈತ್ರಿ ವಕೀಲ್ರ. ಇದರಾಗ ಕುಂತ್ರ ನೆಲಾ ಕೈಗೆ ಸಿಗತೈತಿ, ಗಾಳಿ ಮಾರಿಗೆ ಬಡೀತೈತಿ. ಬೈಕಿನ ಮಜಾನೂ ಐತಿ, ಕಾರಿನ ಮಜಾನೂ ಐತಿ" ಎಂದರು ಔಷಧ ಅಂಗಡಿಯವರು.

"ಎರಡರ ತ್ರಾಸೂ ಐತಿ" ಎಂದರು ಬೆಲ್ಲದ ವ್ಯಾಪಾರಿ. "ಮಳಿ ಬಂದ್ರ ತೋಯ್ಸಿಕೋಬೇಕು, ಸಂದ್ಯಾಗ ನುಸುಳಾಕೂ ಬರೂದಿಲ್ಲ."

"ಮೂರು ಗಾಲಿ ಅಂದ್ರ ಟಮ್‌ಟಮ್, ಮಂದಿ ತುಂಬೂ ಆಟೋ" ಎಂದು ವಕೀಲರು ತೀರ್ಪು ಕೊಟ್ಟರು. "ಒಂಟಿ ಗಾಲಿ ಮುಂದಿದ್ರೇನು, ಹಿಂದಿದ್ರೇನು."

"ಭಾಳ ಫರಕ ಐತ್ರಿ. ಮುಂದ ಎರಡಿದ್ರ ತಿರುವಿನ್ಯಾಗ ಮಗ್ಗಲಾಗೂದಿಲ್ಲ" ಎಂದರು ಔಷಧ ಅಂಗಡಿಯವರು ಮತ್ತೆ.

ಪತ್ರಾದವರು ಮೊಬೈಲು ಇಸಿದುಕೊಂಡು ವಿಡಿಯೊವನ್ನು ಮೂರು ಸಲ ನೋಡಿದರು. ಆಮೇಲೆ ಕೇಳಿದರು: "ಹಿಂದಿನ ಗಾಲಿ ಒಂದ ಐತಲ್ರಿ. ಅದು ರಸ್ತಾದ ಮ್ಯಾಲ ಎಲ್ಲಿ ನಡೀತೈತಿ?"

ಅದು ಅಂದು ಅಲ್ಲಿ ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆಯಾಗಿತ್ತು.

ಹತ್ತು ದಿನದ ಮೇಲೆ ನಾನು ಗ್ಯಾರೇಜಿಗೆ ಹೋದಾಗ ನೆಲದ ಮೇಲೆ ಅದೇ ಗಾಡಿಯ ಆಕಾರ, ನಿಜದ ಅಳತೆಯಲ್ಲಿ, ಸೀಮೆಸುಣ್ಣದಲ್ಲಿತ್ತು. ಔಷಧ ಅಂಗಡಿಯವರು ಗುಜರಿಗೆ ಹಾಕಬೇಕೆಂದಿದ್ದ ಒಂದು ಮೋಟರ್ ಸೈಕಲ್ ಎಂಜಿನ್ನು ಮೂಲೆಯಲ್ಲಿತ್ತು. "ಆ ಸಾಲಿನ್ಯಾಗಿನ ಗಾಡಿಗಳ ಪತ್ರಾ ಎಲ್ಲಾ ನಂದ ಐತ್ರಿ" ಎಂದರು. "ನಂದ ಅಂತ ಒಂದು ಗಾಡಿ ಅಲ್ಲಿ ನಿಲ್ಲಲಿ. ಒಂದ ರವಿವಾರ ಸಾಕು."

ಎರಡು ವರ್ಷ ಹಿಡಿಯಿತು. ಗಿರಾಕಿಗಳ ಕೆಲಸ ಮುಗಿದ ಮೇಲೆ ಸಂಜೆ ಒಂದೆರಡು ತಾಸು ಬಡಿಯುತ್ತಿದ್ದರು. ಎರಡೂ ಬದಿ ಸಮ ಇದೆಯೋ ಇಲ್ಲವೋ ಎಂದು ನೋಡಲು ನನ್ನನ್ನು ಕರೆಯುತ್ತಿದ್ದರು. ದಾರ, ತೂಗುಗುಂಡು ಹಿಡಿದು ಅಳೆದೆ. ಎಡಕ್ಕೂ ಬಲಕ್ಕೂ ಜೋಳದ ಕಾಳಿನಷ್ಟು ವ್ಯತ್ಯಾಸ ಸಿಕ್ಕಿತು, ಅದೂ ಒಂದೇ ಕಡೆ. ಹೇಳಿದೆ. ಆ ಬದಿಯನ್ನು ಪೂರ್ತಿ ಬಿಚ್ಚಿ ಮತ್ತೆ ಬಡಿದರು.

ತಮ್ಮ ಪ್ರಶ್ನೆಗೆ ಉತ್ತರವನ್ನು ಅವರೇ ಕಂಡುಕೊಂಡಿದ್ದರು. ನಾಲ್ಕು ಗಾಲಿಯ ಗಾಡಿ ರಸ್ತೆಯ ಮೇಲೆ ಎರಡು ಜಾಡಿನಲ್ಲಿ ನಡೆಯುತ್ತದೆ. ತಗ್ಗು ಬಂದರೆ, ಕಲ್ಲು ಬಂದರೆ, ಗಾಲಿಗಳ ನಡುವೆ ಬಿಟ್ಟು ದಾಟಿಸಬಹುದು. ಈ ಗಾಡಿಗೆ ಜಾಡು ಮೂರು. ನಡುವೆ ಬಿಟ್ಟದ್ದೆಲ್ಲ ಮೂರನೆಯ ಗಾಲಿಗೆ ಸಿಗುತ್ತದೆ. ಗಾಡಿಯನ್ನು ತಳ್ಳುವ ಗಾಲಿಯೂ ಅದೇ. "ನಮ್ಮ ರಸ್ತಾದಾಗ ನಡುವ ಏನೇನು ಬಿದ್ದಿರತೈತಿ ನಿಮಗ ಗೊತ್ತೈತಲ್ರಿ ಸಾಹೇಬ್ರ. ಒಂದ್ ದಿನಾ ಹಿಂದಿಂದು ಜಾರತೈತಿ. ಜಾರಿ ಮಗುಚಿದ್ರ ತಲಿ ಉಳೀಬೇಕು."

ಅದಕ್ಕಾಗಿ ಸೀಟಿನ ಹಿಂದೆ ಒಂದು ಕಮಾನು ಕೂರಿಸಿದರು. ದಪ್ಪ ಪೈಪಿನಲ್ಲಿ ಉಸುಕು ತುಂಬಿ, ಕಾಯಿಸಿ, ಒಂದೂ ಸುಕ್ಕು ಬರದಂತೆ ಬಾಗಿಸಿದ್ದರು. ನಾಲ್ಕು ಬೋಲ್ಟಿನಿಂದ ಚೌಕಟ್ಟಿಗೆ ಬಿಗಿದು, ತಲೆ ಬಡಿದರೆ ಪೆಟ್ಟಾಗಬಾರದೆಂದು ಮೇಲ್ಭಾಗಕ್ಕೆ ಕರಿ ಕಂಬಳಿಯ ಪಟ್ಟಿ ಸುತ್ತಿದರು. ಸೀಟಿನಲ್ಲಿ ಕುಳಿತು, "ಅಳೀರಿ" ಎಂದರು. ಅವರ ನೆತ್ತಿಗಿಂತ ಕಮಾನು ನಾಲ್ಕು ಬೆರಳು ಎತ್ತರವಿತ್ತು.

"ಸಾಕೇನ್ರಿ?"

"ಸಾಕು" ಎಂದೆ.

ಮೊದಲ ರವಿವಾರ ಅವರು ಗಾಡಿ ತಂದಾಗ ನಾವು ನಾಲ್ವರೂ ಅಲ್ಲಿದ್ದೆವು. ಹಳದಿ ಬಣ್ಣ. ಹೊಸ ಅಂಗಿ ತೊಟ್ಟಿದ್ದರು. ಗಾಡಿ ನಿಲ್ಲುವ ಮೊದಲೇ ವಕೀಲರು ರಸ್ತೆಗಿಳಿದು ಆಟೋ ನಿಲ್ಲಿಸುವವರಂತೆ ಕೈ ಚಾಚಿದರು.

"ಬಸ್ ಸ್ಟ್ಯಾಂಡಿಗೆ ಬರ್ತೀಯೇನಪಾ?"

ಚಹಾದಂಗಡಿಯವನಿಂದ ಹಿಡಿದು ಎಲ್ಲರೂ ನಕ್ಕೆವು. ಪತ್ರಾದವರೂ ನಕ್ಕರು.

"ಮೀಟರ್ ಎಲ್ಲಿ ಹಚ್ಚೀದಿ?" ಎಂದರು ಬೆಲ್ಲದ ವ್ಯಾಪಾರಿ. "ಎಷ್ಟು ಮಂದಿ ಹಿಡಿಸ್ತಾರ? ಹಿಂದ ಎರಡು ಕುರಿ ಕಟ್ಟಬೋದಲ್ಲ?"

"ಏ, ಸುಮ್ನಿರ್ರಿ" ಎಂದು ವಕೀಲರು ಗಂಭೀರವಾಗಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. "ಕೆಲಸಾ ಚಲೋ ಐತಿ. ಆದ್ರ ಈ ಬಣ್ಣಾ ಸಾಲಿನ್ಯಾಗ ನಿಲ್ಲೂ ಬಣ್ಣ ಅಲ್ಲ. ಗಾಡಿಗೆ ಅರಿಷಿಣ ಹಚ್ಚಿ ಮದವಿ ಮಾಡಾಕತ್ತಿ ಏನು?"

"ಯಾವ ಬಣ್ಣಾ ಹಚ್ಚಬೇಕ್ರಿ?"

"ಕಡು ಹಸರ."

ಅವರು ಗಾಡಿಯನ್ನು ರಸ್ತೆಯ ಆಚೆ ನಿಲ್ಲಿಸಿ ಬಂದು ನಿಂತು ಚಹಾ ಕುಡಿದರು. ಮುಂದಿನ ರವಿವಾರಕ್ಕೆ ಗಾಡಿ ಕಡು ಹಸಿರಾಗಿತ್ತು.

ಅಂದು ಔಷಧ ಅಂಗಡಿಯವರು ದೀಪಗಳ ನಡುವಿನ ಅಂತರ ಹೆಚ್ಚಾಯಿತು ಎಂದರು. ಅದರ ಮುಂದಿನ ವಾರ ದೀಪಗಳು ಒಳಗೆ ಬಂದಿದ್ದವು. ಬೆಲ್ಲದ ವ್ಯಾಪಾರಿ ಹಾರ್ನು ಟ್ರ್ಯಾಕ್ಟರಿನಂತೆ ಕೂಗುತ್ತದೆ ಎಂದರು. ರಬ್ಬರಿನ ಉಂಡೆಯ ಹಾರ್ನು ಬಂತು. ಹಿಂದಿನ ಟೈರು ಬಹಳ ಅಗಲ, ಅಸಲಿಯಲ್ಲಿ ಸಪೂರ ಇರುತ್ತದೆ ಎಂದರು ವಕೀಲರು. ಸಪೂರ ಟೈರು ಬಂತು. ಒಂದೊಂದು ಮಾತಿಗೂ ಅವರು "ಹೌದ್ರಿ" ಎನ್ನುತ್ತಿದ್ದರು. ನಾವು ಸುಮ್ಮನೆ ಹೊತ್ತು ಕಳೆಯಲು ಆಡಿದ ಮಾತು ಗೋಕಾಕದ ಆ ಗೋಡೆಯ ಮೇಲೆ ಕೆಲಸವಾಗಿ ಬೀಳುತ್ತಿತ್ತು. ನಮಗೆ ಅದು ಗೊತ್ತಿರಲಿಲ್ಲ ಎಂದು ನಾನು ಬರೆಯಲಾರೆ. ಗೊತ್ತಿತ್ತು. ಈ ಸಲ ಏನು ಹೇಳಿದರೆ ಏನು ಮಾಡಿಕೊಂಡು ಬರುತ್ತಾನೆ ನೋಡೋಣ ಎಂದು ವಕೀಲರು ನನ್ನ ಕಿವಿಯಲ್ಲಿ ಒಮ್ಮೆ ಹೇಳಿದ್ದರು. ನಾನು ನಕ್ಕಿದ್ದೆ.

ಏಳನೆಯ ರವಿವಾರ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಗಾಡಿ ಚೆನ್ನಾಗಿತ್ತು. ದಾರಿಹೋಕರು ನಮ್ಮ ಸಾಲನ್ನು ಬಿಟ್ಟು ರಸ್ತೆಯ ಆಚೆ ಹೋಗಿ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ವಕೀಲರು ಅದನ್ನು ಸ್ವಲ್ಪ ಹೊತ್ತು ನೋಡಿದರು.

"ಆ ಕಮಾನು ಏನಪಾ? ಕುರಿ ಹಟ್ಟಿ ಬಾಗಲಾ ಕಿತ್ತು ತಂದು ಹಚ್ಚೀದಿ."

ಪತ್ರಾದವರು ಮೊದಲ ಸಲ "ಹೌದ್ರಿ" ಎನ್ನಲಿಲ್ಲ. "ಅದು ಇರಬೇಕ್ರಿ" ಎಂದರು. "ಹಿಂದಿನ ಗಾಲಿ ಜಾರಿದ್ರ…"

"ನಿನಗ ಗಾಡಿ ಹೊಡಿಯಾಕ ಬರೂದಿಲ್ಲಂದ್ರ ಮನ್ಯಾಗ ಇಡು. ಅಸಲಿ ಗಾಡಿಗೆ ಕಮಾನು ಎಲ್ಲೈತಿ?" ಅವರು ನನ್ನ ಕಡೆ ತಿರುಗಿದರು. "ಮೋಜಣಿ ಸಾಹೇಬ್ರ, ನೀವು ಹೇಳ್ರಿ. ನೀವು ಹೆಚ್ಚು ಕಡಿಮಿ ಮಾತಾಡೋರಲ್ಲ."

ಪತ್ರಾದವರೂ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಭಯವಿರಲಿಲ್ಲ. ನಾಲ್ಕು ಬೆರಳು ಅಳೆದವನು ನಾನೇ ಅಲ್ಲವೆ.

ನಾನು ಎದ್ದು ರಸ್ತೆ ದಾಟಿ, ಗಾಡಿಯಿಂದ ಏಳು ಹೆಜ್ಜೆ ದೂರ ನಿಂತು ಬದಿಯಿಂದ ನೋಡಿದೆ. ಮೂತಿಯ ತುದಿಯಿಂದ ಒಂದು ಗೆರೆ ಹೊರಟು, ಸೀಟಿನ ಅಂಚಿನ ಮೇಲೆ ಹಾದು, ಹಿಂದಿನ ಬಾಲದಲ್ಲಿ ಮುಗಿಯುತ್ತಿತ್ತು. ಅಷ್ಟು ಸರಾಗವಾದ ಗೆರೆಯನ್ನು ನಾನು ಯಾವ ಗಾಡಿಯಲ್ಲೂ ಕಂಡಿರಲಿಲ್ಲ. ಕಮಾನು ಅದನ್ನು ಒಂದು ಕಡೆ ಕತ್ತರಿಸಿ ನಿಂತಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಉದ್ಯೋಗವಾಗಿತ್ತು. ಆ ಹೆಸರು ಉಳಿಸಿಕೊಳ್ಳುವ ಆಸೆಯೂ ಇತ್ತು.

"ಕಮಾನು ಗೆರಿ ಕಡೀತೈತಿ" ಎಂದೆ.

ಅವರು ಗಾಡಿಯತ್ತ ಹೋಗಿ, ಕಮಾನಿನ ಕಂಬಳಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತರು. ಆಮೇಲೆ ವಕೀಲರನ್ನು ಕೇಳಿದರು: "ತಗದ್ರ ಸಾಲಿನ್ಯಾಗ ನಿಲ್ಲಸ್ತೀರಿ?"

"ಮುಂದಿನ ರವಿವಾರ ಮೂಡಲಗಿಯಿಂದ ಎಲ್ಲಾರೂ ಕೂಡಿ ಬರೂಣು. ತಗದು ತಗೊಂಡು ಬಾ. ನಿಲ್ಲಸೂಣು."

ಆ ರವಿವಾರ ಬೆಳಿಗ್ಗೆ ಬೆಲ್ಲದ ವ್ಯಾಪಾರಿಯ ಅಂಗಳದಿಂದ ಹೊರಟೆವು. ಮುಂದೆ ಜೀಪು, ಅದರ ಹಿಂದೆ ಕಾರು, ಮೋಟರ್ ಸೈಕಲ್ಲು, ನನ್ನ ಸ್ಕೂಟರು, ಕೊನೆಗೆ ಅವರು. ಕಮಾನು ಇರಲಿಲ್ಲ. ಬೋಲ್ಟಿನ ನಾಲ್ಕು ತೂತುಗಳನ್ನು ಹಿತ್ತಾಳೆ ತುಂಬಿ ಮುಚ್ಚಿದ್ದರು. ನಾನು ಬೆರಳಾಡಿಸಿ ನೋಡಿದೆ, ತೂತು ಎಲ್ಲಿತ್ತೆಂದು ತಿಳಿಯಲಿಲ್ಲ. "ಈಗ ಗೆರಿ ಸರಿ ಆತೇನ್ರಿ?" ಎಂದು ಕೇಳಿದರು. "ಆತು" ಎಂದೆ. ನೀಲಿ ಅಂಗಿ ತೊಟ್ಟಿದ್ದರು, ಇಸ್ತ್ರಿ ಮಾಡಿದ್ದು.

ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ಕಬ್ಬು ತುಂಬಿದ ಎರಡೆರಡು ಡಬ್ಬಿ, ಅಂದರೆ ಟ್ರೇಲರು, ಎಳೆದುಕೊಂಡು ಸಕ್ಕರೆ ಫ್ಯಾಕ್ಟರಿಗೆ ಹೋಗುವ ಹೊತ್ತು. ಮಸಗುಪ್ಪಿಯ ಹತ್ತಿರದ ತಿರುವಿನಲ್ಲಿ ಡಬ್ಬಿಯಿಂದ ಉದುರಿದ ಕಬ್ಬು ಹಿಂದಿನ ಗಾಲಿಗಳಿಗೆ ಸಿಕ್ಕು, ಜಜ್ಜಿ, ಸಿಪ್ಪೆಯಾಗಿ ರಸ್ತೆಯ ನಡುವೆ ಸೇರಿತ್ತು. ಅದರ ಮೇಲೆ ಇಬ್ಬನಿ ಬಿದ್ದಿತ್ತು. ಜೀಪು ಅದನ್ನು ನಡುವೆ ಬಿಟ್ಟು ದಾಟಿತು. ಕಾರೂ ಹಾಗೆಯೇ ದಾಟಿತು. ಮೋಟರ್ ಸೈಕಲ್ಲು, ನಾನು, ಎಡ ಜಾಡು ಹಿಡಿದು ದಾಟಿದೆವು.

ಅವರನ್ನು ನಾನು ಸ್ಕೂಟರಿನ ಕನ್ನಡಿಯಲ್ಲಿ ನೋಡಿದೆ. ಅಂಗೈ ಅಗಲದ ಕನ್ನಡಿ. ಮುಂದಿನ ಎರಡು ಗಾಲಿ ಸಿಪ್ಪೆಯ ಆಚೀಚೆ ಒಣ ರಸ್ತೆಯ ಮೇಲೆ ಬಂದವು. ಮೂರನೆಯದು ಅದರ ಮೇಲೆಯೇ ಬಂತು. ಗಾಡಿಯ ಬಾಲ ಬಲಕ್ಕೆ ಹೋಯಿತು. ಮುಂದಿನ ಎಡ ಗಾಲಿ ಡಾಂಬರಿನ ಅಂಚಿನಿಂದ ಕೆಳಗಿಳಿದು ಮಣ್ಣಿಗೆ ಸಿಕ್ಕಿತು. ಗಾಡಿ ಒಂದೇ ಒಂದು ಸಲ ಉರುಳಿ ಮತ್ತೆ ಗಾಲಿಗಳ ಮೇಲೆಯೇ ನಿಂತಿತು. ಎಂಜಿನ್ನು ನಡೆಯುತ್ತಲೇ ಇತ್ತು. ಆ ಗಾಡಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಅವರ ತಲೆಯಾಗಿತ್ತು.

ನಾನು ತಿರುಗಿ ಹೋಗಿ ಎಂಜಿನ್ನು ಬಂದ್ ಮಾಡಿದೆ. ಬೇರೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಉಳಿದವರೂ ಬಂದರು. ಅಂಬುಲೆನ್ಸಿಗೆ ಫೋನ್ ಮಾಡಿ ಕಾಯುತ್ತ ನಿಂತೆವು.

"ಬ್ರೇಕ್ ಹಾಕ್ಯಾನ. ಹಾಕಬಾರದಿತ್ತು" ಎಂದರು ವಕೀಲರು.

"ಬ್ರೇಕ್ ಅಲ್ರಿ, ಟೈರ್" ಎಂದರು ಔಷಧ ಅಂಗಡಿಯವರು. "ಅಗಲ ಟೈರ್ ಇದ್ರ ಇಷ್ಟು ಜಾರ್ತಿರಲಿಲ್ಲ."

"ನಾ ಮೊದಲ ಹೇಳಿದ್ದೆ, ಮೂರು ಗಾಲಿ ಅಂದ್ರ ಇಷ್ಟ" ಎಂದರು ಬೆಲ್ಲದ ವ್ಯಾಪಾರಿ. ಅವರು ಹಾಗೆ ಹೇಳಿರಲಿಲ್ಲ. ಹೇಳಿದ್ದವರು ವಕೀಲರು. ಅದರ ಬಗ್ಗೆ ಒಂದು ಸಣ್ಣ ತಕರಾರೂ ಆಯಿತು. ನಾನು ಅವರದೇ ಹೆಗಲ ಬಟ್ಟೆಯನ್ನು ಮುಖ ಮುಚ್ಚುವಂತೆ ನೀಲಿ ಅಂಗಿಯ ಮೇಲೆ ಹೊದಿಸಿದೆ.

ತಿಂಗಳ ಮೇಲೆ ವಕೀಲರು ಒಂದು ಮಾತು ತೆಗೆದರು. ಗಾಡಿಯನ್ನು ಬೇರೆ ಊರಿನ ಕೆಲಸಗಾರರಿಂದ ನೆಟ್ಟಗೆ ಮಾಡಿಸಿ ಸಾಲಿನಲ್ಲಿ ನಿಲ್ಲಿಸೋಣ, ಅವನಿಗೊಂದು ಗೌರವ, ಹಾರ ಹಾಕಿ ಫೋಟೊ ತೆಗೆಸೋಣ. ಕೇಳಲು ನಾವಿಬ್ಬರು ಗ್ಯಾರೇಜಿಗೆ ಹೋದೆವು. ಪತ್ರಾದವರ ಹೆಂಡತಿ ಬಾಗಿಲು ತೆರೆದರು. ವಕೀಲರ ಮಾತನ್ನು ಪೂರ್ತಿ ಕೇಳಿ, "ಒಯ್ರಿ" ಎಂದರು. "ಅವರಿಗೆ ಅಲ್ಲಿ ನಿಲ್ಲಸಬೇಕಂತ ಇತ್ತು."

ಗೋಡೆಯ ಬರಹ ಹಾಗೆಯೇ ಇತ್ತು. ಗಾಡಿಯ ಕೆಲಸ ಮುಗಿದಿದ್ದರೂ ಅವರು ಒರೆಸಿರಲಿಲ್ಲ. ಸಾಲಿನಲ್ಲಿ ನಿಂತ ಮೇಲೆ ಒರೆಸಬೇಕೆಂದಿದ್ದರೇನೋ. ಬಣ್ಣ ಹಸರ – ವಕೀಲರು. ದೀಪ ಒಳಗ – ಹುಕ್ಕೇರಿ. ಹಾರ್ನ್ – ಮೂಡಲಗಿ. ಟೈರ್ ಸಪೂರ – ವಕೀಲರು. ಎಲ್ಲದರ ಮೇಲೂ ಗೆರೆ. ಕೊನೆಯ ಸಾಲು: ಕಮಾನು ತಗಿಯೂದು – ಮೋಜಣಿ ಸಾಹೇಬ್ರು. ಅದರ ಮೇಲೂ ಗೆರೆ.

ಎಲ್ಲಕ್ಕಿಂತ ಮೇಲೆ, ಎರಡು ವರ್ಷ ಹಳೆಯದಾಗಿ ಮಸುಕಾದ ಒಂದು ಸಾಲಿತ್ತು. ಹತ್ತಿರ ಹೋಗಿ ಓದಿದೆ. ಹಿಂದಿನ ಗಾಲಿ ನಡುವ ನಡೀತೈತಿ, ಕಮಾನು ಬೇಕು – ನಾನು. ಅದರ ಮೇಲೆ ಎರಡು ಗೆರೆ ಇದ್ದವು. ಒಂದು ಹಳೆಯದು, ಕಮಾನು ಕೂರಿಸಿದ ದಿನದ್ದು. ಇನ್ನೊಂದು ಹೊಸದು.

ಕಮಾನು ಅದೇ ಗೋಡೆಯ ಮೊಳೆಗೆ ತೂಗುತ್ತಿತ್ತು. ನಾಲ್ಕು ಬೋಲ್ಟುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದಕ್ಕೇ ಬಿಗಿದಿದ್ದರು. ಆಕೆ ಅದನ್ನು ಇಳಿಸಿ ನಮ್ಮ ಮುಂದೆ ಹಿಡಿದರು.

"ಇದನ್ನೂ ಒಯ್ತೀರೇನ್ರಿ?"

"ಬ್ಯಾಡವಾ" ಎಂದರು ವಕೀಲರು. "ಅದು ಗೆರಿ ಕಡೀತೈತಿ."

ಆಕೆ ಕಮಾನನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಸಾಹೇಬ್ರ, ನೀವು ಖರೆ ಹೇಳೋರು ಅಂತ ಅವರು ಯಾವಾಗಲೂ ಅಂತಿದ್ರು. ಅದಕ್ಕ ಕೇಳ್ತೇನಿ. ಇದು ಇದ್ದಿದ್ರ ಅವರು ಉಳೀತಿದ್ರ?"

ವಕೀಲರು ನನ್ನನ್ನು ನೋಡಿದರು. ಗಾಡಿ ಉರುಳಿದ್ದು ಒಂದೇ ಸಲ. ಬಿದ್ದದ್ದು ಮೆತ್ತನೆಯ ಮಣ್ಣಿನ ಮೇಲೆ. ಮೂತಿಯ ತಗಡು ಕೂಡ ಹೆಚ್ಚು ನೆಗ್ಗಿರಲಿಲ್ಲ.

"ಅದು ಹೇಳಾಕ ಬರೂದಿಲ್ಲವಾ" ಎಂದೆ.

ಆಕೆ ತಲೆಯಾಡಿಸಿ ಕಮಾನನ್ನು ಮತ್ತೆ ಮೊಳೆಗೆ ಹಾಕಿದರು.

ಹೇಳಲು ಬರುತ್ತಿತ್ತು. ನಾನೇ ಅಳೆದದ್ದು, ನಾಲ್ಕು ಬೆರಳು.